ಮೂರು ತಿಂಗಳಿನ ವಿದ್ಯೆ

ಹಳೆಯ ಸ್ವಿಚ್‌ಬೋರ್ಡುಗಳ ಹಿಂದೆ ಜನ ಏನೇನೋ ತುರುಕಿರುತ್ತಾರೆ. ಬೋರ್ಡು ಸಡಿಲಾಗಿ ಅಲುಗಾಡತೊಡಗಿದರೆ ಗೋಡೆಗೂ ಅದಕ್ಕೂ ನಡುವೆ ರಟ್ಟಿನ ಚೂರು, ಕಡ್ಡಿಪೆಟ್ಟಿಗೆಯ ಹೊದಿಕೆ, ಒಮ್ಮೆಯಂತೂ ಮಡಿಸಿದ ಲಗ್ನಪತ್ರಿಕೆ… ಎಲ್ಲವನ್ನೂ ನೋಡಿದ್ದೇನೆ. ಹೋದ ವಾರ ಗೋಕುಲ ರಸ್ತೆಯ ಒಳಗಿನ ಓಣಿಯೊಂದರಲ್ಲಿ ಹಳೆಯ ಮನೆಯ ವೈರಿಂಗ್ ತೆಗೆಯುತ್ತಿದ್ದೆ. ಪಡಸಾಲೆಯ ಬೋರ್ಡಿನ ಸ್ಕ್ರೂ ಬಿಚ್ಚಿದ ಕೂಡಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯಿತು. ಹಿಂದೆ ನಾಲ್ಕು ಮಡಿಕೆಯ ಹಳದಿ ಕಾಗದವೊಂದಿತ್ತು, ಒಂದು ಮೂಲೆ ಕರಕಲಾಗಿತ್ತು. ಬಿಡಿಸಿ ನೋಡಿದೆ.

‘ಮೂರೇ ತಿಂಗಳಲ್ಲಿ ಎಲೆಕ್ಟ್ರಿಷಿಯನ್ ಆಗಿರಿ. ಕೈತುಂಬ ಗಳಿಸಿರಿ. ಓದಿನ ಅಡ್ಡಿಯಿಲ್ಲ, ವಯಸ್ಸಿನ ಅಡ್ಡಿಯಿಲ್ಲ.’ ಕೆಳಗೆ ಉರಿಯುವ ಬಲ್ಬಿನ ಚಿತ್ರ, ಅದರ ಕೆಳಗೆ ಫೋನ್ ನಂಬರು. ಆ ಫೋನು ಇದ್ದದ್ದು ನನ್ನ ಮೇಜಿನ ಮೇಲೆ.

ಬಿಸಿಯಾಗುವ ಬೋರ್ಡಿನ ಹಿಂದೆ ಕಾಗದ ತುರುಕುವುದೆಂದರೆ ಬೆಂಕಿಗೆ ವೀಳ್ಯ ಕೊಟ್ಟಂತೆ. ಯಾರು ತುರುಕಿದರೋ ಗೊತ್ತಿಲ್ಲ. ಆ ಕಾಗದದ ಸಂಸ್ಥೆಯಲ್ಲಿಯೇ ಕಲಿತವನು ಇರಬೇಕು ಅನಿಸಿತು.

ಆ ಕಾಗದದ ಮಾತುಗಳನ್ನು ಬರೆದವನು ನನ್ನ ಕಾಕಾ, ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಮನೆಯಲ್ಲಿ ಎಲ್ಲರೂ ಅವನನ್ನು ಬಹುವಚನದಲ್ಲಿ ಕರೆಯುತ್ತಿದ್ದರು, ಎದುರಿಗೆ ನಾನೂ ಹಾಗೆಯೇ ಕರೆಯುತ್ತಿದ್ದೆ. ಬರೆಯುವಾಗ ಆ ಬಹುವಚನ ಕೊಡಲು ಕೈ ಬರುತ್ತಿಲ್ಲ. ಅವನು ಎಂದೇ ಬರೆಯುತ್ತೇನೆ.

ಅಜ್ಜನದು ಹತ್ತಿ ವ್ಯಾಪಾರ. ಅಪ್ಪ ಅದರಲ್ಲೇ ಮೈ ಸವೆಸಿ, ನಾನು ಹನ್ನೊಂದು ವರ್ಷದವಳಿದ್ದಾಗ ತೀರಿಕೊಂಡ. ಕಾಕಾ ಅಂಗಡಿಯಲ್ಲಿ ಕೂರಲಿಲ್ಲ. ಬೀಜದ ಏಜೆನ್ಸಿ ಹಿಡಿದ, ಬಿಟ್ಟ. ನೀರಿನ ಫಿಲ್ಟರ್ ಮಾರಿದ, ಬಿಟ್ಟ. ಪ್ರತಿಯೊಂದರಲ್ಲೂ ಮೊದಲ ಆರು ತಿಂಗಳು ಭಾಷಣ, ಆಮೇಲೆ ಬಾಗಿಲಿಗೆ ಬೀಗ. ಕೊನೆಗೆ ಯಾರೋ ಅವನಿಗೆ, ಹುಬ್ಬಳ್ಳಿಯ ಸುತ್ತ ಹೊಸ ಲೇಔಟುಗಳು ಏಳುತ್ತಿವೆ, ಎಲೆಕ್ಟ್ರಿಷಿಯನ್ನರು ಸಿಗುತ್ತಿಲ್ಲ ಎಂದು ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಆ ಕೆಲಸ ಕಲಿಯುತ್ತಿದ್ದರು. ಕಾಕಾ ಅದನ್ನು ಕಲಿಸಲು ಹೊರಟ.

ಅವನಿಗೆ ಕರೆಂಟ್ ಎಂದರೆ ಜೀವಭಯ. ಕೈ ಒರೆಸಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಮೋರೆ ಆ ಕಡೆ ತಿರುಗಿಸಿ ಸ್ವಿಚ್ ಒತ್ತುತ್ತಿದ್ದ. ಸಂಸ್ಥೆಯ ಟ್ಯೂಬ್‌ಲೈಟ್ ಹೋದರೆ ಕೆಳಗಿನ ಟೈರ್ ಅಂಗಡಿಯವರನ್ನು ಕರೆಸುತ್ತಿದ್ದ. ಎಲೆಕ್ಟ್ರಿಷಿಯನ್ ತರಬೇತಿ ಸಂಸ್ಥೆಯ ಟ್ಯೂಬನ್ನು ಟೈರ್ ಅಂಗಡಿಯವರು ಬಂದು ಹಾಕಿ ನಗುತ್ತ ಇಳಿದು ಹೋಗುತ್ತಿದ್ದರು. ಅವನಿಗೆ ಅದರಲ್ಲಿ ನಾಚಿಕೆಯ ಸಂಗತಿ ಏನೂ ಕಾಣುತ್ತಿರಲಿಲ್ಲ.

ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ. ಕೆಲಸ ಇರಲಿಲ್ಲ. ‘ಫೋನ್ ಹತ್ರ ಕೂಡು, ಕೈಖರ್ಚಿಗೆ ಕೊಡ್ತೇನಿ’ ಎಂದ. ಅವ್ವನಿಗೆ ಸಮಾಧಾನವಾಯಿತು. ಮನೆಯವರ ಕೈಕೆಳಗೆ ಕೆಲಸ, ಹೆಣ್ಣುಮಗಳಿಗೆ ಇನ್ನೇನು ಬೇಕು.

ಗೋಕುಲ ರಸ್ತೆಯಲ್ಲಿ ಎರಡನೆಯ ಮಹಡಿ, ಎರಡು ಕೋಣೆ. ಒಂದರಲ್ಲಿ ಬೆಂಚುಗಳು, ಗೋಡೆಗೆ ನಿಲ್ಲಿಸಿದ ನಾಲ್ಕು ಹಲಗೆಗಳು, ಅವುಗಳ ಮೇಲೆ ಬಲ್ಬು, ಸ್ವಿಚ್ಚು, ಒಂದು ಮೀಟರು. ಆ ಮೀಟರ್ ತಿರುಗಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಇನ್ನೊಂದರಲ್ಲಿ ಕಾಕಾನ ತಿರುಗುವ ಕುರ್ಚಿ ಮತ್ತು ನನ್ನ ಮೇಜು. ಕಲಿಸುವ ‘ಸರ್’ ಆಗಾಗ ಬದಲಾಗುತ್ತಿದ್ದರು. ಧಾರವಾಡದ ಕೋಚಿಂಗ್ ಕ್ಲಾಸುಗಳಲ್ಲಿ ಯಾವುದೋ ಸರಕಾರಿ ಪರೀಕ್ಷೆಗೆ ಓದುತ್ತಿದ್ದ ಡಿಪ್ಲೊಮಾದವರು ರೂಮಿನ ಬಾಡಿಗೆಗೆಂದು ಬಂದು ಪಾಠ ಮಾಡಿ, ಪರೀಕ್ಷೆ ಹತ್ತಿರ ಬಂದ ಕೂಡಲೇ ಮಾಯವಾಗುತ್ತಿದ್ದರು. ಅವರಿಲ್ಲದ ದಿನಗಳಲ್ಲಿ ನೋಟ್ಸ್ ಇರುತ್ತಿತ್ತು.

ಆ ನೋಟ್ಸ್ ಬಗ್ಗೆ ಹೇಳಲೇಬೇಕು. ಯಾವುದೋ ಪುಸ್ತಕದಿಂದ, ಯಾರದೋ ಬಾಯಿಂದ ಕೇಳಿದ್ದನ್ನು ಕಾಕಾ ತನಗೆ ತಿಳಿದಂತೆ ಹೇಳಿದ, ನಾನು ಬರೆದುಕೊಂಡೆ. ನನ್ನ ಅಕ್ಷರಗಳು ದುಂಡಗಿದ್ದವು. ಅದನ್ನೇ ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದೆವು. ಏಳನೆಯ ಪುಟದಲ್ಲಿ ಹೀಗಿತ್ತು: ‘ಕೆಂಪು ತಂತಿ ಜೀವಂತ ತಂತಿ, ಮುಟ್ಟಬಾರದು. ಕಪ್ಪು ತಂತಿ ಸತ್ತ ತಂತಿ, ಇದರಿಂದ ಅಪಾಯವಿಲ್ಲ.’ ಸತ್ತ ಎನ್ನುವುದರ ಕೆಳಗೆ ನಾನು ಸ್ಕೇಲ್ ಇಟ್ಟು ಗೆರೆಯನ್ನೂ ಎಳೆದಿದ್ದೆ.

ದಿನಕ್ಕೆ ಹತ್ತಾರು ಫೋನು. ಎಲ್ಲರೂ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ, ಕಲಿಯಲು ಎಷ್ಟು ದಿನ, ಕಲಿತ ಮೇಲೆ ಎಷ್ಟು ಗಳಿಕೆ. ಮೊದಲ ದಿನವೇ ಕಾಕಾ ನನಗೆ ಉತ್ತರ ಕಲಿಸಿದ್ದ. ಆ ಸಂಸ್ಥೆಯಲ್ಲಿ ಅವನು ನಿಜವಾಗಿ ಕಲಿಸಿದ ಪಾಠ ಅದೊಂದೇ.

“ಎಷ್ಟು ಗಳಸ್ತಾರ ಅಂತ ಕೇಳಿದರ ನಂಬರ್ ಹೇಳಬ್ಯಾಡ. ‘ನಿಮಗ ಎಷ್ಟು ಬೇಕ್ರಿ?’ ಅಂತ ಕೇಳು. ಅವರು ಏನ ಹೇಳಿದರೂ ‘ಆರಾಮ ಆಗ್ತೈತ್ರಿ’ ಅನ್ನು. ಎಷ್ಟು ದಿನ ಅಂದರ, ‘ನಿಮ್ಮ ಹುಷಾರಿಕಿ ಮ್ಯಾಲ ಐತ್ರಿ, ಹುಷಾರ ಇದ್ದವರಿಗೆ ಮೂರು ತಿಂಗಳು’ ಅನ್ನು. ತಾ ದಡ್ಡ ಅಂತ ಯಾವನೂ ಒಪ್ಪಂಗಿಲ್ಲ. ಬರ್ತಾನ.”

ಬರುತ್ತಿದ್ದರು. ಇದೊಂದರಲ್ಲಿ ಅವನ ಲೆಕ್ಕ ತಪ್ಪಲಿಲ್ಲ.

ಹೆಬ್ಬಳ್ಳಿಯಿಂದ ಒಬ್ಬರು ಬಂದರು. ನಲವತ್ತರ ಹತ್ತಿರದ ವಯಸ್ಸು. ಹತ್ತಿ ಹಿಂಜುವ ಕಾರ್ಖಾನೆಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದರಂತೆ, ಅದು ಮುಚ್ಚಿತ್ತು. ಫೋನಿನಲ್ಲಿ ಕೇಳಿದರೆ ನಂಬಿಕೆ ಬರುವುದಿಲ್ಲವೆಂದು ಬಸ್ ಹಿಡಿದು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿಯ ತುದಿಯಲ್ಲಿ ಕುಳಿತರು.

“ಅಕ್ಕಾರ, ಎರಡ ಮಾತು ಕೇಳ್ತೇನಿ. ಇದನ್ನ ಕಲಿಯಾಕ ಖರೇನ ಎಷ್ಟು ದಿನ ಬೇಕು? ಕಲತ ಮ್ಯಾಲ ಖರೇನ ಎಷ್ಟು ಸಿಗತೈತಿ?”

ಅವರು ಎರಡೂ ಸಲ ‘ಖರೇನ’ ಎಂದದ್ದು ನನಗೆ ಕೇಳಿಸಿತು. ಆದರೂ ಕಲಿಸಿದ್ದನ್ನೇ ಒಪ್ಪಿಸಿದೆ. “ನಿಮಗ ಎಷ್ಟು ಬೇಕ್ರಿ?”

“ಮನಿ ನಡದರ ಸಾಕ್ರಿ.”

“ಆರಾಮ ಆಗ್ತೈತ್ರಿ” ಎಂದೆ. ನನ್ನ ಹಿಂದೆ ಕಾಕಾನ ಕುರ್ಚಿ ಸಂತೋಷದಿಂದ ಕಿರುಗುಟ್ಟಿತು.

ಅವರು ಒಂದು ದಿನವೂ ತಪ್ಪಿಸಲಿಲ್ಲ. ವಯಸ್ಸಿನಲ್ಲಿ ತಮಗಿಂತ ಹದಿನೈದು ವರ್ಷ ಚಿಕ್ಕ ‘ಸರ್’ ಬಂದರೆ ಎದ್ದು ನಿಲ್ಲುತ್ತಿದ್ದರು. ಸರ್ ಬರದ ದಿನ ಬೆಂಚಿನ ಮೇಲೆ ಕುಳಿತು ನೋಟ್ಸ್ ಅನ್ನು ಬಾಯಿಪಾಠ ಮಾಡುತ್ತಿದ್ದರು. ನನ್ನ ಅಕ್ಷರಗಳನ್ನು ಅವರು ತುಟಿ ಅಲುಗಿಸುತ್ತ ಓದುವುದು ಬಾಗಿಲಿನಿಂದ ಕಾಣುತ್ತಿತ್ತು. ಮೂರು ತಿಂಗಳ ಕೊನೆಗೆ ಕಾಕಾ ಶಾಲು ಹೊದ್ದು ಸರ್ಟಿಫಿಕೇಟ್ ಹಂಚಿದ. ಅವರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಅದಕ್ಕೆ ಕಾಕಾ ಎಷ್ಟು ಪಾತ್ರನಾಗಿದ್ದನೆಂದರೆ… ಇರಲಿ.

ಎಂಟು ತಿಂಗಳಾದ ಮೇಲೆ ಅವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು. ಮೊಳಕೈ ಮುರಿದು ಕೂಡಿಸಿದ್ದರು, ಬೆರಳುಗಳು ಮಡಚುತ್ತಿರಲಿಲ್ಲ, ಅಂಗೈಯ ನಡುವೆ ಚರ್ಮ ಸುಟ್ಟು ಹೊಳೆಯುತ್ತಿತ್ತು. ಕಾಕಾ ನೋಡಿದವನೇ ಜಗಳಕ್ಕೆ ಬಂದಿದ್ದಾರೆಂದು ತಿಳಿದು ಮೆತ್ತಗಾದ. “ಬರ್ರಿ ಬರ್ರಿ, ಕೂಡ್ರಿ” ಎಂದು ನನಗೆ ಚಹಾ ತರಿಸಲು ಕಣ್ಣು ಮಾಡಿದ.

ಅವರು ಕೂರಲಿಲ್ಲ. ಎಡಗೈಯಿಂದ ಅಂಗಿಯ ಕಿಸೆಯೊಳಗಿನ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಎಡಗೈಯಲ್ಲೇ ಬರೆದ ವೈರಿಂಗ್ ನಕ್ಷೆ, ಗೆರೆಗಳೆಲ್ಲ ನಡುಗಿದ್ದವು.

“ದುಡ್ಡು ಕೇಳಾಕ ಬಂದಿಲ್ರಿ. ನಂದು ಎಲ್ಲಿ ತಪ್ಪಾತು, ಅಷ್ಟ ಹೇಳ್ರಿ.”

ನಡೆದದ್ದನ್ನು ಹೇಳಿದರು. ತಮ್ಮೂರಿನ ಪರಿಚಯದವರ ಮನೆ, ಹೊಸ ಕೋಣೆಗೆ ಲೈನ್ ಕೊಡಬೇಕಿತ್ತು. ಒಳಗೆ ಫ್ರಿಜ್ ನಡೆದಿದೆ, ಮೇನ್ ತೆಗೆಯಬೇಡಿ ಎಂದು ಮನೆಯವರು ಹೇಳಿದರಂತೆ. ಅದಕ್ಕೆ ಪಡಸಾಲೆಯದೊಂದೇ ಲೈನ್ ಬಂದ್ ಮಾಡಿದರು. ಏಣಿ ಹತ್ತಿ ಟೆಸ್ಟರ್ ಇಟ್ಟು ನೋಡಿದರು. ಕೆಂಪು ತಂತಿಗೂ ಅದರ ದೀಪ ಹತ್ತಲಿಲ್ಲ, ಕಪ್ಪು ತಂತಿಗೂ ಹತ್ತಲಿಲ್ಲ. ಎರಡು ಸಲ ನೋಡಿದರು. ಆಮೇಲೆ ಕಪ್ಪು ತಂತಿಯ ಗಂಟು ಬಿಚ್ಚಿದರು. ಅಷ್ಟೇ ನೆನಪು. ಎಚ್ಚರವಾದಾಗ ನೆಲದ ಮೇಲಿದ್ದರು, ಏಣಿ ಅವರ ಕೈ ಮೇಲಿತ್ತು.

“ಸತ್ತ ತಂತಿ ಹೆಂಗ್ ಹೊಡೀತ್ರಿ?” ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಾಕಾ ಕಾಗದವನ್ನು ಕೈಗೆತ್ತಿಕೊಂಡ. ದೂರ ಹಿಡಿದ, ಹತ್ತಿರ ಹಿಡಿದ, ಹೂಂ ಎಂದ. ಕನ್ನಡಕ ತೆಗೆದು ಒರೆಸಿದ. ನಂತರ ಕಾಕಾ ಹೇಳಿದ ಮಾತನ್ನು ನಾನು ಇನ್ನೂ ಮರೆತಿಲ್ಲ.

“ಇದು ಅಡ್ವಾನ್ಸ್ ಕೋರ್ಸ್‌ನಾಗ ಬರ್ತೈತ್ರಿ. ನೀವು ನಮ್ಮ ಹಳೇ ವಿದ್ಯಾರ್ಥಿ. ಅರ್ಧಾ ಫೀಯಾಗ ಮಾಡಿಸಿಕೊಡ್ತೇನಿ.”

ಅಡ್ವಾನ್ಸ್ ಕೋರ್ಸ್ ಎಂಬುದು ಇರಲೇ ಇಲ್ಲ. ಆ ಕ್ಷಣದಲ್ಲಿ, ಆ ಸುಟ್ಟ ಕೈಯ ಎದುರಿಗೆ ಅದು ಹುಟ್ಟಿತು. ಮುಂದಿನ ವಾರ ಮೆಟ್ಟಿಲ ಬಳಿ ಅದರ ಬೋರ್ಡೂ ಬಿತ್ತು.

ಅವರು ನನ್ನ ಕಡೆ ತಿರುಗಿದರು. “ಅಕ್ಕಾರ, ನಿಮಗರ ಗೊತ್ತೈತೇನ್ರಿ?”

“ನಾ ಬರೇ ಫೋನ್ ಹತ್ರ ಕೂಡ್ತೇನ್ರಿ” ಎಂದೆ. ನನ್ನ ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದು.

“ಇರಲಿ, ಕಾಗದ ಇಲ್ಲೇ ಇರಲಿ. ಸರ್ ಬಂದರ ತೋರಸ್ರಿ” ಎಂದು ಹೇಳಿ ಇಳಿದು ಹೋದರು. ಚಹಾ ಬಂದಾಗ ಕಾಕಾ ಎರಡೂ ಕಪ್ಪು ತಾನೇ ಕುಡಿದ. ಸರ್ ಮತ್ತೆ ಬರಲಿಲ್ಲ, ಅವರ ಪರೀಕ್ಷೆ ಹತ್ತಿರ ಬಂದಿತ್ತು.

ಆ ಕಾಗದವನ್ನು ನಾನು ಮನೆಗೆ ತಂದೆ. ನೋಟ್ಸ್‌ನ ಏಳನೆಯ ಪುಟವನ್ನೂ ತಂದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ, ಏನೂ ತಿಳಿಯಲಿಲ್ಲ. ನನ್ನದೇ ಕೈಬರಹ ನನಗೇ ಅರ್ಥವಾಗದ ಮಾತನ್ನು ಇಷ್ಟು ಧೈರ್ಯವಾಗಿ ಹೇಳುತ್ತಿತ್ತು. ಕೆಲವು ವಾರಗಳ ನಂತರ ಧಾರವಾಡದಲ್ಲಿ ಐಟಿಐಗೆ ಅರ್ಜಿ ಹಾಕಿದೆ. ದೊಡ್ಡ ಆದರ್ಶವೇನೂ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ತಿಳಿಯದೆ ಇರಲು ಆಗುತ್ತಿರಲಿಲ್ಲ, ಅಷ್ಟೇ.

ಬಿಡುತ್ತೇನೆಂದು ಹೇಳಿದಾಗ ಕಾಕಾ ನಕ್ಕ. “ಹೆಣ್ಣುಮಗಳು ಏಣಿ ಹತ್ತಿ ತಂತಿ ಎಳೀತೀಯೇನು? ಎರಡು ವರ್ಷ ಸುಮ್ಮನ ಹಾಳ ಮಾಡಿಕೋತಿ. ಬೇಕಂದ್ರ ನಾ ನಾಳೆನ ಸರ್ಟಿಫಿಕೇಟ್ ಕೊಡ್ತೇನಿ.” ಕೊಡುತ್ತಿದ್ದ. ಶಾಲು ಹೊದ್ದುಕೊಂಡೇ ಕೊಡುತ್ತಿದ್ದ.

ಐಟಿಐಯಲ್ಲಿ ಮೊದಲ ಕೆಲವು ವಾರ ತಂತಿಯನ್ನೇ ಮುಟ್ಟಗೊಡಲಿಲ್ಲ. ಕಬ್ಬಿಣದ ತುಂಡಿಗೆ ಅರ ಹಾಕುತ್ತ ಅಂಗೈಯಲ್ಲಿ ಗುಳ್ಳೆ ಎದ್ದವು. ಆಮೇಲೆ ತಂತಿಯ ಗಂಟು. ಒಂದೇ ಗಂಟನ್ನು ನಲವತ್ತು ಸಲ ಹಾಕಿಸಿದರು, ನಲವತ್ತು ಸಲ ಕತ್ತರಿಸಿ ಬಿಸಾಡಿದರು. ನಮ್ಮ ಗುರುಗಳಿಗೆ ನಿವೃತ್ತಿ ಹತ್ತಿರವಿತ್ತು. ಹೆಚ್ಚು ಮಾತಿನವರಲ್ಲ. ಹುಡುಗಿಯರು ಇಬ್ಬರೇ ಇದ್ದೆವು, ನಮಗೆಂದು ಬೇರೆ ರಿಯಾಯಿತಿಯನ್ನೂ ತೋರಿಸಲಿಲ್ಲ, ಬೇರೆ ತಾತ್ಸಾರವನ್ನೂ ತೋರಿಸಲಿಲ್ಲ. ಆರು ತಿಂಗಳು ನಾನು ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ. ಕೇಳಲು ನಾಚಿಕೆ. ಒಂದು ದಿನ ಧೈರ್ಯ ಮಾಡಿ ತೋರಿಸಿ, ಹೆಬ್ಬಳ್ಳಿಯವರು ಹೇಳಿದ್ದನ್ನೂ ಹೇಳಿದೆ.

ಅವರು ನಿಂತಲ್ಲೇ ನೋಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

“ಬರೋ ದಾರಿ ಬಂದ್ ಮಾಡ್ಯಾನ. ಖರೇ. ಆದರ ವಾಪಸ್ ಹೋಗೋ ದಾರಿ ಎರಡು ಲೈನಿಗೂ ಒಂದ ಐತಿ, ಹಳೇ ಮನ್ಯಾಗ ಹಂಗ ಮಾಡಿರ್ತಾರ. ಒಳಗ ಫ್ರಿಜ್ ನಡದೈತಿ. ಅದರ ಕರೆಂಟು ಈ ಕಪ್ಪು ತಂತಿಯೊಳಗ ಹಾದು ಹೋಗಾಕತ್ತೈತಿ. ಗಂಟು ಕೂಡಿದ್ದಾಗ ಟೆಸ್ಟರ್ ಹತ್ತಂಗಿಲ್ಲ. ಬಿಚ್ಚಿದ ಕೂಡಲೇ ಅದಕ್ಕ ಹೋಗಾಕ ದಾರಿ ಇಲ್ಲ. ಇವನ ಕೈ ಸಿಕ್ಕಿತು, ಇವನೊಳಗ ಹಾದು ಹೋತು.”

ಹಲಗೆಯ ಮೇಲೆ ಎರಡು ಬಲ್ಬು ಕೂಡಿಸಿ ಮಾಡಿಯೂ ತೋರಿಸಿದರು. ಗಂಟು ಬಿಚ್ಚಿದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಕಪ್ಪು ತಂತಿಯ ತುದಿಗೆ ಟೆಸ್ಟರ್ ಕೆಂಪಗೆ ಹತ್ತಿತು.

“ಕಪ್ಪು ತಂತಿ ಸತ್ತಿರತೈತಿ ಅಂತ ಇವಗ ಹೇಳಿದಾಂವ ಯಾಂವ?” ಎಂದು ಕೇಳಿದರು.

“ಎಲ್ಲೋ ಓದ್ಯಾರಂತ್ರಿ ಸರ್” ಎಂದೆ.

ಆ ಭಾನುವಾರವೇ ಹೆಬ್ಬಳ್ಳಿಯ ಬಸ್ ಹತ್ತಿದೆ. ಅವರು ಹಿಟ್ಟಿನ ಗಿರಣಿಯಲ್ಲಿ ಸಿಕ್ಕರು. ಎಡಗೈಯಿಂದ ಜೋಳದ ಡಬ್ಬಿಗಳನ್ನು ತಕ್ಕಡಿಗೆ ಎತ್ತಿಡುತ್ತಿದ್ದರು, ಬಲಗೈ ಬರಿದೇ ಜೊತೆಗಿತ್ತು. ನನ್ನ ಗುರುತು ಹಿಡಿದು ಮನೆಗೆ ಕರೆದುಕೊಂಡು ಹೋದರು. ನಾನು ಅವರದೇ ಕಾಗದವನ್ನು ಬಿಡಿಸಿ, ಗುರುಗಳು ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರು ಗೆರೆಯ ಮೇಲೆ ಬೆರಳಾಡಿಸುತ್ತ ಕೇಳಿದರು. ಮುಗಿದ ಮೇಲೆ ಒಳಗಿದ್ದ ಹೆಂಡತಿಯನ್ನು ಕರೆದರು.

“ಇಲ್ಲಿ ಬಾ. ಇವರು ಏನ ಹೇಳ್ತಾರ ಕೇಳು. ಅಕ್ಕಾರ, ಇನ್ನೊಮ್ಮೆ ಹೇಳ್ರಿ.”

ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದರು. ಎಷ್ಟು ತಿಳಿಯಿತೋ ಗೊತ್ತಿಲ್ಲ. ಟೆಸ್ಟರ್ ಇಟ್ಟು ನೋಡಿದರೂ ತಿಳಿಯುವಂತಿರಲಿಲ್ಲ ಎಂಬುದು ಮಾತ್ರ ತಿಳಿಯಿತು.

“ಮತ್ತ ಇಷ್ಟು ದಿನ ನಾ ಅಂದದ್ದು…” ಎಂದರು ಆಕೆ. ಧ್ಯಾನ ಎಲ್ಲೋ ಇಟ್ಟು ಕೈ ಹಾಕಿದೆ, ಮನೆ ಕೆಡಿಸಿದೆ ಎಂದು ಗಂಡನಿಗೆ ದಿನಾ ಅನ್ನುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

“ಆತು ಬಿಡು” ಎಂದರು ಅವರು. ಹೇಳುವಾಗ ಬೆನ್ನು ನೆಟ್ಟಗಾಗಿತ್ತು.

ಹೊರಡುವ ಮೊದಲು ನಾನು ಹೇಳಿಯೇಬಿಟ್ಟೆ. ಆ ನೋಟ್ಸ್ ಬರೆದದ್ದು ನಾನೇ, ಸತ್ತ ತಂತಿ ಅಂತ ಗೆರೆ ಎಳೆದವಳೂ ನಾನೇ. ಅವರು ನನ್ನ ಕಡೆ ತಿರುಗಿದರು.

“ಅಕ್ಷರ ಛಲೋ ಇದ್ದವ್ರಿ” ಎಂದರು.

ಅದರಲ್ಲಿ ಕುಟುಕು ಇತ್ತೋ, ಕ್ಷಮೆ ಇತ್ತೋ, ಇವತ್ತಿಗೂ ತಿಳಿದಿಲ್ಲ…

ಮರುದಿನ ಕಾಕಾನ ಹತ್ತಿರ ಹೋದೆ. ಅವನ ಮೋರೆ ನೋಡಬೇಕೆಂಬ ಆಸೆ ನನ್ನಲ್ಲಿತ್ತು, ಸುಳ್ಳು ಹೇಳುವುದಿಲ್ಲ. ಎಲ್ಲವನ್ನೂ ಹೇಳಿದೆ. ಏಳನೆಯ ಪುಟ ತೆಗೆದು ಮೇಜಿನ ಮೇಲಿಟ್ಟೆ. ಅವನು ಗಮನವಿಟ್ಟೇ ಕೇಳಿದ. ತಲೆಯನ್ನೂ ಆಡಿಸಿದ.

“ಛಲೋ ಆತು. ಮುಂದಿನ ಬ್ಯಾಚಿಗೆ ಐತವಾರ ಬಂದು ನೀನ ಇದನ್ನ ಹೇಳು. ಅಡ್ವಾನ್ಸ್ ಕೋರ್ಸ್‌ಗೆ ಸರ್ ಸಿಕ್ಕಿಲ್ಲ.”

ನಾನು ಹೊರಟೆ. ಏಳನೆಯ ಪುಟವನ್ನು ಬದಲಿಸಿದನೋ ಇಲ್ಲವೋ ತಿಳಿಯದು. ಝೆರಾಕ್ಸ್ ಖರ್ಚಿನ ಮನುಷ್ಯನಲ್ಲ ಅವನು, ಬದಲಿಸಿರಲಿಕ್ಕಿಲ್ಲ.

ಐಟಿಐ ಎರಡು ವರ್ಷ, ಅಪ್ರೆಂಟಿಸ್ ಒಂದು ವರ್ಷ, ಆಮೇಲೆ ಗುತ್ತಿಗೆದಾರರ ಕೈಕೆಳಗೆ ನಾಲ್ಕು ವರ್ಷ. ಅಪ್ರೆಂಟಿಸ್ ದಿನಗಳಲ್ಲಿ ಸಿಕ್ಕದ್ದು ಧಾರವಾಡ-ಹುಬ್ಬಳ್ಳಿ ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು. ಸರಕಾರದ ವೈರ್‌ಮನ್ ಪರ್ಮಿಟ್ ಕೈಗೆ ಬಂದು, ಜನ ನನ್ನ ನಂಬರನ್ನು ಅವರಿವರಿಗೆ ಕೊಡುವಂತಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಈಗ ಕೆಲವು ತಿಂಗಳು ಕಾಲೇಜಿನ ಲೆಕ್ಚರರ್ ಗಳಿಸುವಷ್ಟು ಬರುತ್ತದೆ, ಕೆಲವು ತಿಂಗಳು ಅವರ ಮನೆಯ ಪಾತ್ರೆ ತಿಕ್ಕುವವರು ಗಳಿಸುವಷ್ಟು. ಮನೆ ನಡೆಯುತ್ತದೆ. ಖರೇ ಉತ್ತರ ಇಷ್ಟೇ ಇತ್ತು. ಇದನ್ನು ಹೇಳಿದ್ದರೆ ಕಾಕಾನ ಮೆಟ್ಟಿಲನ್ನು ಯಾರೂ ಹತ್ತುತ್ತಿರಲಿಲ್ಲ.

ಪರ್ಮಿಟ್ ಸಿಕ್ಕ ವರ್ಷವೇ ಇನ್ನೊಂದು ನಡೆಯಿತು. ಗೋಕುಲ ರಸ್ತೆಯಲ್ಲಿ ಗಾಡಿಯ ಮೇಲೆ ಹೋಗುತ್ತಿದ್ದಾಗ ಟೈರ್ ಅಂಗಡಿಯ ಮೇಲೆ ನನ್ನ ಮೋರೆಯೇ ಕಾಣಿಸಿತು. ಆಳೆತ್ತರದ ಫ್ಲೆಕ್ಸ್. ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ ಫೋಟೋ, ಅವ್ವನಿಗೆ ನಾನು ಕಳಿಸಿದ್ದು. ಕೆಳಗೆ ‘ನಮ್ಮಲ್ಲಿ ಕಲಿತು ಇಂದು ಸ್ವಂತ ಉದ್ಯೋಗ’ ಎಂದಿತ್ತು. ಗಾಡಿ ನಿಲ್ಲಿಸಿ ಮೇಲೆ ಹೋದೆ.

“ನಮ್ಮ ಮನಿ ಹುಡುಗಿ ಅಲ್ಲೇನು ನೀ? ಮನಿ ಹುಡುಗಿ ಫೋಟೋ ಹಾಕಾಕ ಯಾರ ಪರವಾನಿಗಿ ಬೇಕು?” ಎಂದ. ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಕಳ್ಳನಿಗೆ ತಾನು ಕದ್ದದ್ದು ಗೊತ್ತಿರುತ್ತದೆ, ಅಷ್ಟಾದರೂ ಅವನಿಗೆ ಮರ್ಯಾದೆ ಇದೆ. ಕಾಕಾನಿಗೆ ಅದೂ ಇರಲಿಲ್ಲ. ಹಗ್ಗ ಬಿಚ್ಚಿ ಫ್ಲೆಕ್ಸ್ ಕೆಳಗಿಳಿಸಿ, ಸುತ್ತಿ, ಗಾಡಿಗೆ ಕಟ್ಟಿಕೊಂಡು ಬಂದೆ. ನಂತರ ಐದು ವರ್ಷ ಅವನೊಂದಿಗೆ ಮಾತಾಡಲಿಲ್ಲ. ಆ ನಡುವೆ ಸಂಸ್ಥೆಯ ಬಾಗಿಲಿಗೂ ಬೀಗ ಬಿತ್ತೆಂದು ಕೇಳಿದೆ.

ಎರಡು ವರ್ಷದ ಹಿಂದೆ, ಕೆಟ್ಟ ಬೇಸಗೆಯಲ್ಲಿ, ನನ್ನ ಫೋನಿಗೆ ಅವನ ಧ್ವನಿ ಸಂದೇಶ ಬಂತು. ಅವನು ಹಾಸಿಗೆ ಹಿಡಿದಿದ್ದಾನೆಂದು ಅವ್ವ ಮೊದಲೇ ಹೇಳಿದ್ದಳು.

“ತಂಗಿ, ನಾ ನಿಮ್ಮ ಕಾಕಾ ಮಾತಾಡಾಕತ್ತೇನಿ. ನಮ್ಮ ಖೋಲಿ ಫ್ಯಾನ್ ನಿಂತೈತಿ. ಓಣ್ಯಾಗಿನಾಂವ ಬಂದಿದ್ದ, ಹತ್ತು ಮಿನಿಟಿನ ಕೆಲಸಕ್ಕ ಐದ್ನೂರು ಕೇಳ್ತಾನ. ಇವಕ್ಕ ನಾಚಿಕಿ ಐತೇನು? ಕಲತದ್ದು ನಾಲ್ಕು ದಿನ ಇರಂಗಿಲ್ಲ. ನೀ ಲಗೂನ ಬಂದು ಹೋಗು. ಮನಿ ಮಂದ್ಯಾಗ ಕೊಡೋದು ತಗೊಳ್ಳೋದು ಇರಂಗಿಲ್ಲ.”

ಹೋಗುವುದಿಲ್ಲವೆಂದೆ. ಅವ್ವ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಹೋದೆ.

ಮಧ್ಯಾಹ್ನ. ಕೋಣೆ ಬಾಣಲೆಯಂತೆ ಕಾದಿತ್ತು. ಅವನು ಅರ್ಧವಾಗಿದ್ದ, ಬನಿಯನ್ ಮೈಮೇಲೆ ನಿಲ್ಲುತ್ತಿರಲಿಲ್ಲ. ಅವನ ಹೆಂಡತಿ, ನಮ್ಮ ಕಾಕಿ, ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಫ್ಯಾನಿನೊಳಗಿನ ಕೆಪಾಸಿಟರ್ ಹೋಗಿತ್ತು. ಹೊಸದು ಹಾಕಿದೆ, ಸಡಿಲಾಗಿದ್ದ ಕೊಂಡಿಯನ್ನೂ ಬಿಗಿ ಮಾಡಿದೆ. ಫ್ಯಾನ್ ತಿರುಗತೊಡಗಿದ ಮೇಲೆ ಅವನು ಕಣ್ಣು ಮುಚ್ಚಿಕೊಂಡು ಗಾಳಿ ತೆಗೆದುಕೊಂಡ.

“ಕೈಗುಣ ಛಲೋ ಐತಿ ನಿಂದು. ಒಟ್ಟು ಎಷ್ಟು ವರ್ಷ ಕಲತಿ?”

“ಏಳು ವರ್ಷ.”

“ಭಾಳ ಆತು” ಎಂದ. ಕಣ್ಣು ತೆರೆಯಲಿಲ್ಲ. “ನನ್ನ ಹತ್ರ ಇದ್ದಿದ್ದರ ಮೂರು ತಿಂಗಳಾಗ…”

ನನಗೆ ನಗು ಬಂತು. ತಡೆಯಲಾಗಲಿಲ್ಲ. ಅವನೂ ನಕ್ಕ, ನಕ್ಕು ಕೆಮ್ಮಿದ. ಅವನು ತಮಾಷೆ ಮಾಡಿದನೋ, ಇಲ್ಲ ಅದನ್ನೇ ನಂಬಿದ್ದನೋ ಎಂದು ಕೇಳುವಷ್ಟು ಕೆಮ್ಮು ಬಿಡಲಿಲ್ಲ. ಹೊರಡುವಾಗ “ಎಷ್ಟಾತು?” ಎಂದ, ಏನೂ ಬೇಡ ಎನ್ನುತ್ತೇನೆಂದು ತಿಳಿದು. ಐದುನೂರು ಎಂದೆ. ಕಾಕಿಗೆ ಕಣ್ಣು ಮಾಡಿದ. ಅವಳು ನಾನೂರು ತಂದುಕೊಟ್ಟಳು. ತೆಗೆದುಕೊಂಡು ಬಂದೆ.

ಮಳೆ ಹಿಡಿಯುವ ಮೊದಲೇ ಹೋದ. ಮಣ್ಣಿಗೆ ಬಂದವರಲ್ಲಿ ನನಗೆ ಗೊತ್ತಿಲ್ಲದವರೊಬ್ಬರು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಸಂಸ್ಥೆಯಲ್ಲಿ ಕಲಿತವರಂತೆ, ಈಗ ನಾಲ್ಕು ಮಂದಿಯನ್ನು ಇಟ್ಟುಕೊಂಡು ಕೆಲಸ ಹಿಡಿಯುತ್ತಾರಂತೆ. ‘ನನಗ ದಾರಿ ಹಚ್ಚಿದವರು’ ಎಂದರು. ಎಷ್ಟು ದಿನ ಕಲಿತಿರಿ ಎಂದು ಕೇಳದಿರಲು ಆಗಲಿಲ್ಲ.

“ಇವರ ಹತ್ರ ಮೂರು ತಿಂಗಳ್ರಿ. ಆಮ್ಯಾಲ ಹಳೇ ಹುಬ್ಬಳ್ಳಿ ಉಸ್ತಾದರ ಕಡೆ ಆರು ವರ್ಷ.”

“ಮತ್ತ ಇವರು ನಿಮಗ ಏನ ಕಲಿಸಿದರ್ರಿ?”

ಅವರು ಯೋಚಿಸಿದರು. “ಹೆದರಬ್ಯಾಡ್ರಿ ಅಂತಿದ್ರು” ಎಂದರು.

ನಾನು ಅಲ್ಲಿಂದ ಈ ಕಡೆ ಬಂದುಬಿಟ್ಟೆ. ಕಾಕಾನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಹಕ್ಕು ಹೆಬ್ಬಳ್ಳಿಯವರದು, ಅವರನ್ನು ಅವನು ಕೇಳಲಿಲ್ಲ. ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಆದರೆ ಆ ಧ್ವನಿ ಸಂದೇಶವನ್ನು ಅಳಿಸಿಲ್ಲ. ಅಪ್ಪನಿಗೂ ಅವನಿಗೂ ದನಿ ಒಂದೇ ಇತ್ತು. ಮನೆಯ ಫೋನಿನಲ್ಲಿ ಅಜ್ಜನೇ ಮೋಸ ಹೋಗುತ್ತಿದ್ದನಂತೆ, ಒಬ್ಬನೆಂದು ಇನ್ನೊಬ್ಬನಿಗೆ ಬಯ್ದುಬಿಡುತ್ತಿದ್ದನಂತೆ. ಅಪ್ಪ ಹೋದ ಕಾಲಕ್ಕೆ ನಮ್ಮ ಮನೆಯಲ್ಲಿ ದನಿ ಹಿಡಿದಿಡುವ ಸಾಧನ ಯಾವುದೂ ಇರಲಿಲ್ಲ. ನಾಲ್ಕು ಫೋಟೋಗಳಿವೆ, ಅವು ಮಾತಾಡುವುದಿಲ್ಲ. ಕಾಕಾ ಇರುವವರೆಗೂ ಆ ದನಿ ಊರಲ್ಲಿ ಎಲ್ಲೋ ಒಂದು ಕಡೆ ಇತ್ತು. ಯಾರಿಗೋ ಸುಳ್ಳು ಹೇಳುತ್ತ, ಚೌಕಾಸಿ ಮಾಡುತ್ತ, ಇತ್ತು. ಈಗ ಅದೂ ಇಲ್ಲ.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವ್ವ ನನ್ನ ಹತ್ತಿರ ಬಂದು ಕೂರುತ್ತಾಳೆ. ‘ಆ ಫ್ಯಾನಿಂದು ಹಚ್ಚು’ ಎನ್ನುತ್ತಾಳೆ. ಫೋನ್ ತೆಗೆದು ಆ ಸಂದೇಶ ಹಚ್ಚುತ್ತೇನೆ. ನಿಂತ ಫ್ಯಾನು, ಐದುನೂರು ರೂಪಾಯಿ, ನಾಚಿಕೆ ಇಲ್ಲದವರು, ನಾಲ್ಕು ದಿನದ ವಿದ್ಯೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಾಳೆ. ನಾನೂ ಕೇಳುತ್ತೇನೆ. ಮುಗಿದ ಮೇಲೆ ಇನ್ನೊಮ್ಮೆ ಹಚ್ಚಲೇನು ಎಂದು ಕೇಳಿದರೆ ಅವಳು ಬೇಡವೆಂದದ್ದಿಲ್ಲ.